ಹಗ್ಗ ಕೊಟ್ಟು ಕಾಲು ಕಟ್ಟಿಸಿಕೊಂಡದ್ದು

ಜ್ವರ ಬಂದರೆ ಜನ ದೂರ ನಿಲ್ಲುತ್ತಾರೆ. ಹಲ್ಲುನೋವು ಬಂದರೆ ‘ಅಯ್ಯೋ ಪಾಪ’ ಎಂದು ಮುಂದೆ ಹೋಗುತ್ತಾರೆ. ಕುಂಟಿದರೆ ಮಾತ್ರ ಹತ್ತಿರ ಬಂದು ನಿಂತು ಔಷಧ ಹೇಳುತ್ತಾರೆ. ಕುಂಟುವವನು ಓಡಿಹೋಗಲಾರ ಎಂಬ ಧೈರ್ಯ ಅವರಿಗೆ.

ಎರಡು ತಿಂಗಳಿನಿಂದ ನಾನು ಕುಂಟುತ್ತಿದ್ದೇನೆ. ಈ ಅವಧಿಯಲ್ಲಿ ನನಗೆ ಔಷಧ ಹೇಳಿದವರಲ್ಲಿ ಹಾಲಿನವರು, ಬೀಗ ರಿಪೇರಿಯವರು, ಎದುರುಮನೆಗೆ ಬಣ್ಣ ಬಳಿಯಲು ಬಂದವರು (ಏಣಿಯ ಮೇಲಿಂದಲೇ) ಮತ್ತು ತಪ್ಪು ನಂಬರಿಗೆ ಫೋನ್ ಮಾಡಿದ ಒಬ್ಬ ಹೆಂಗಸು ಸೇರಿದ್ದಾರೆ. ಆಕೆಗೆ ಬೇಕಾಗಿದ್ದದ್ದು ಗ್ಯಾಸ್ ಅಂಗಡಿ. ನಾನು ‘ಅಲ್ಲಮ್ಮಾ’ ಎಂದಾಗ ನನ್ನ ದನಿಯಲ್ಲಿದ್ದ ನರಳಾಟ ಹಿಡಿದು, ‘ಕಾಲಾ? ಬೆನ್ನಾ?’ ಎಂದು ಕೇಳಿದರು. ಹತ್ತು ನಿಮಿಷ ಮಾತಾಡಿದರು. ಗ್ಯಾಸ್ ಮರೆತೇಹೋಯಿತು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಹಗ್ಗದ ವ್ಯಾಪಾರಿ. ದಪ್ಪ ಹಗ್ಗ, ಸಣ್ಣ ಹಗ್ಗ, ಹುರಿ, ದಾರ, ನೈಲಾನು, ನಾರು; ಕಟ್ಟುವಂಥದ್ದು ಏನಿದ್ದರೂ ನನ್ನಲ್ಲಿ ಸಿಗುತ್ತದೆ. ಎರಡು ಕೈಯನ್ನೂ ಅಗಲ ಚಾಚಿ ಹಿಡಿದರೆ ಒಂದು ಮಾರು. ಮೂವತ್ತು ವರ್ಷದಿಂದ ಹೀಗೆ ಮಾರು ಹಾಕಿ ಮಾರುತ್ತಲೇ ಬಂದಿದ್ದೇನೆ. (ನನ್ನ ಕೈ ಸ್ವಲ್ಪ ಗಿಡ್ಡ. ಇದನ್ನು ನಾನು ದೇವರ ದಯೆ ಎನ್ನುತ್ತೇನೆ, ಗಿರಾಕಿಗಳು ಬೇರೇನೋ ಅನ್ನುತ್ತಾರೆ.)

ಅಂಗಡಿಯ ಗೋಡೆಯ ಮೇಲೆ ನಾನೇ ಬರೆಸಿದ ಒಂದು ಬೋರ್ಡಿದೆ. ಮಾಲು ತೋರಿಸಲು ಬರುವ ಏಜೆಂಟರಿಗಾಗಿ ಬರೆಸಿದ್ದು: ‘ಮಾಡಿದವರು ಯಾರು? ಮಾಡಿದ್ದು ಯಾವಾಗ? ನಾನು ಕೊಂಡರೆ ಲಾಭ ಯಾರಿಗೆ?’ ಈ ಮೂರಕ್ಕೂ ಉತ್ತರ ಬಾರದ ಮಾಲನ್ನು ನಾನು ಕಿರುಬೆರಳಿನಿಂದಲೂ ಮುಟ್ಟುವುದಿಲ್ಲ. ಬೋರ್ಡು ನೋಡಿಯೇ ಅರ್ಧ ಏಜೆಂಟರು ಬಾಗಿಲಿನಿಂದ ವಾಪಸು ಹೋಗುತ್ತಾರೆ.

ಕೊಳ್ಳುವಾಗ ಈ ಕಟ್ಟುನಿಟ್ಟು. ಮಾರುವಾಗ ನಾಲಿಗೆಯೇ ಬಂಡವಾಳ. ಎರಡು ವರ್ಷದ ಹಿಂದೆ ಕಟ್ಟಡ ಕಟ್ಟುವವರೊಬ್ಬರು ಒರಟು ನಾರಿನ ಹಗ್ಗವನ್ನು ತಮ್ಮ ಅಳತೆಗೆ ತುಂಡು ತುಂಡಾಗಿ ಕತ್ತರಿಸಲು ಹೇಳಿ, ಕತ್ತರಿಸಿದ ಮೇಲೆ ಬೇಡವೆಂದರು. ಒಂದು ಕೆಲಸಕ್ಕೆ ಸಾಲದ, ಇನ್ನೊಂದಕ್ಕೆ ಹೆಚ್ಚಾಗುವ ದರಿದ್ರ ಅಳತೆ. ಹೆಚ್ಚುಕಡಿಮೆ ಅಷ್ಟೂ ತುಂಡುಗಳನ್ನು ಒಂದೊಂದಾಗಿ ನಾಲಿಗೆಯ ಬಲದಿಂದಲೇ ದಾಟಿಸಿದೆ. ಯಾರಿಗೆ ಏನು ಹೇಳಿ ದಾಟಿಸಿದೆನೋ ನನಗೇ ನೆನಪಿಲ್ಲ. ವ್ಯಾಪಾರಿಯ ನಾಲಿಗೆಗೆ ನೆನಪಿನ ಶಕ್ತಿ ಇರಬಾರದು. ಇದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಇನ್ನು ನನ್ನ ಹೆಂಡತಿ. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವಳದು. ಅಲ್ಲಿ ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆ. ಮನೆಗೆ ಬಂದಮೇಲೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುತ್ತಾಳೆ. ಅವಳಿಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಮದುವೆಯಾದ ವರ್ಷ ‘ಬರೋ ವರ್ಷ ಹೋಗೋಣ’ ಎಂದಿದ್ದೆ. ಇಪ್ಪತ್ತಾರು ವರ್ಷ ಅದೇ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದ್ದೇನೆ. ಕರಡು ತಿದ್ದುವವಳಿಗೆ ಅದರಲ್ಲಿ ಹಿಡಿಯಲು ತಪ್ಪೇ ಸಿಗುತ್ತಿರಲಿಲ್ಲ. ಈ ವರ್ಷ ಅವಳು ನನ್ನನ್ನು ಕೇಳಲೇ ಇಲ್ಲ. ತಾನೇ ಎರಡು ಟಿಕೆಟ್ ತೆಗೆಸಿದಳು. ಸಮುದ್ರದ ದಂಡೆಯಲ್ಲಿ ಒಂದು ವಾರ. ನನಗೆ ಮರಳಿನಲ್ಲಿ ನಡೆಯಲೆಂದು ಹೊಸ ಚಪ್ಪಲಿಯನ್ನೂ ತಂದಿಟ್ಟಳು.

ಚಪ್ಪಲಿ ತಂದ ಮಾರನೆಯ ಬೆಳಗ್ಗೆಯೇ ನನ್ನ ಕಾಲು ಕೈಕೊಟ್ಟಿತು.

ಎದ್ದು ಬಲಗಾಲು ನೆಲಕ್ಕಿಟ್ಟೆ. ಇಟ್ಟದ್ದನ್ನು ಹಾಗೆಯೇ ಎತ್ತಿಕೊಂಡು ನಾನು ಕೂಗಿದ ಕೂಗಿಗೆ ಮೇಲಿನ ಮನೆಯವರು ಏನೋ ಬಿತ್ತೆಂದು ತಮ್ಮ ಮನೆಯಲ್ಲೇ ಹುಡುಕಿದರಂತೆ. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ, ನನ್ನದೇ ಬೆರಳು ಹೌದೋ ಅಲ್ಲವೋ ಎಂದು ಪಕ್ಕದ ಬೆರಳುಗಳನ್ನು ಸಾಕ್ಷಿಗೆ ಕರೆಯುವ ಹಾಗಾಗಿತ್ತು. ಹೊದಿಕೆಯ ಅಂಚು ಸೋಕಿದರೂ ಪ್ರಾಣ ಹೋಗುತ್ತಿತ್ತು.

ಡಾಕ್ಟರಮ್ಮ ಬೆರಳು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ‘ಯೂರಿಕ್ ಆಸಿಡ್ ಜಾಸ್ತಿ ಇದೆ. ಗೌಟ್ ಅಂತಾರೆ. ಸಂಧಿವಾತದ ಒಂದು ಬಗೆ,’ ಎಂದರು.

ಸಂಧಿ ಎಂದೊಡನೆ ನನಗೆ ಶಾಲೆ ನೆನಪಾಯಿತು. ಅಲ್ಲಿಯೂ ಸಂಧಿಯಿಂದ ನೋವೇ ಆಗಿತ್ತು. ಬೆರಳಿಗೆ ನೋವು ಬಂದದ್ದು ಆಗಮಸಂಧಿ, ನೆಮ್ಮದಿ ಹೋದದ್ದು ಲೋಪಸಂಧಿ, ‘ಇನ್ನು ಮೇಲೆ ಡಾಕ್ಟರು ಹೇಳಿದ ಹಾಗೆ ಕೇಳ್ತೀರಿ’ ಎಂದು ಪಕ್ಕದಿಂದ ಹೆಂಡತಿ ಅಂದದ್ದು ಆದೇಶಸಂಧಿ. 

ನೋವಿಗೆ ಮೊದಲು ಬೇರೆ ಮಾತ್ರೆ ಕೊಟ್ಟರು. ಊತ ಇಳಿದ ಮೇಲೆ ಮತ್ತೆ ಕರೆಸಿ, ದಿನಕ್ಕೊಂದರಂತೆ ನುಂಗಲು ಇನ್ನೊಂದು ಮಾತ್ರೆ ಬರೆದುಕೊಟ್ಟರು.

‘ಎಷ್ಟು ದಿನ ಡಾಕ್ಟ್ರೇ?’ ಎಂದೆ.

‘ದಿನ ಅಲ್ಲ, ವರ್ಷಗಟ್ಟಲೆ. ಇದು ಬಂದು ಹೋಗೋ ನೆಂಟ ಅಲ್ಲ, ಬಾಡಿಗೆಗೆ ಬಂದು ಕೂತಿರೋರು ಅಂದ್ಕೊಳ್ಳಿ. ಜೊತೇಲಿ ಇಟ್ಕೊಂಡೇ ಹದ್ದುಬಸ್ತಿನಲ್ಲಿ ಇಡಬೇಕು.’

ಆಮೇಲೂ ಅವರು ಬಹಳ ಹೊತ್ತು ಏನೇನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಅವರ ಹಿಂದಿನ ಕಿಟಕಿಯ ಪರದೆಯನ್ನು ಯಾರೋ ತೆಳ್ಳನೆಯ ನೈಲಾನ್ ದಾರದಲ್ಲಿ ಕಟ್ಟಿದ್ದರು. ಗಂಟು ಸಡಿಲ. ಇನ್ನೆರಡು ದಿನದಲ್ಲಿ ಬೀಳುತ್ತದೆ. ಎಲ್ಲಿಂದ ತಂದಿರಬಹುದು, ನನ್ನ ಅಂಗಡಿಯ ಮಾಲಂತೂ ಅಲ್ಲ, ಎಂದೆಲ್ಲ ಯೋಚಿಸುತ್ತ ತಲೆಯಾಡಿಸುತ್ತಿದ್ದೆ. ಹೆಂಡತಿ ಔಷಧದ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಕೊನೆಗೆ ಡಾಕ್ಟರಮ್ಮ ಒಂದು ಹಾಳೆ ಕೊಟ್ಟು, ‘ಎಲ್ಲಾ ಇದರಲ್ಲಿದೆ, ಮನೆಗೆ ಹೋಗಿ ಓದಿ,’ ಎಂದರು.

ಮನೆಗೆ ಬಂದೆ. ಕಾಲು ಎತ್ತರದಲ್ಲಿ ಇಡಬೇಕೆಂದು ಹೇಳಿದ್ದು ಮಾತ್ರ ಹೇಗೋ ಕಿವಿಗೆ ಬಿದ್ದಿತ್ತು. ಸ್ಟೂಲು ಎಳೆದುಕೊಂಡೆ. ಅದರ ಒಂದು ಕಾಲು ಗಿಡ್ಡ. (ಮನೆಯಲ್ಲಿ ಕುಂಟುವವರು ಇಬ್ಬರಾದೆವು.) ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಅದರ ಕೆಳಗೆ ತುರುಕಿದೆ. ಸರಿಯಾಗಿ ಕೂತಿತು.

ಎರಡು ವಾರ ಶಿಸ್ತಾಗಿ ಮಾತ್ರೆ ನುಂಗಿದೆ. ಮೂರನೆಯ ವಾರದ ಮೊದಲ ದಿನ ನೋವು ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಸಮುದ್ರಕ್ಕೆ ಆಗ ಉಳಿದದ್ದು ಹನ್ನೆರಡು ದಿನ.

ವ್ಯಾಪಾರಿಯ ಬುದ್ಧಿ ತಕ್ಷಣ ಲೆಕ್ಕ ಹಾಕಿತು. ಮಾತ್ರೆ ಇಲ್ಲದಾಗ ಒಂದು ನೋವು. ಮಾತ್ರೆ ಶುರುಮಾಡಿದ ಮೇಲೆ ದೊಡ್ಡ ನೋವು. ಅಂದಮೇಲೆ ನೋವು ತಂದದ್ದು ಮಾತ್ರೆಯೇ! ಅಂದಿನಿಂದ ಗುಟ್ಟಾಗಿ ಮಾತ್ರೆ ನಿಲ್ಲಿಸಿದೆ. ಹೆಂಡತಿ ಬೆಳಗ್ಗೆ ಕೈಗೆ ಕೊಡುತ್ತಿದ್ದಳು. ನಾನು ಬಾಯಿಗೆ ಹಾಕಿಕೊಂಡು, ನಾಲಿಗೆಯಡಿ ಇಟ್ಟುಕೊಂಡು, ಅಂಗಡಿಗೆ ಹೋಗಿ ಮೂಲೆಯಲ್ಲಿದ್ದ ಹಗ್ಗದ ಸುರುಳಿಯ ಹೊಟ್ಟೆಯೊಳಗೆ ಹಾಕುತ್ತಿದ್ದೆ. ಆಟೋ ಹತ್ತಿ ಇಳಿಯುವವರೆಗೆ ಮಾತಾಡುವ ಹಾಗಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಎದುರು ಮಾತಾಡದೆ ಮನೆ ಬಿಟ್ಟದ್ದು ಆ ದಿನಗಳಲ್ಲೇ. ಹೆಂಡತಿ ಅದನ್ನು ಮಾತ್ರೆಯ ಗುಣವೆಂದೇ ತಿಳಿದಿದ್ದಳು.

ಸರಿ, ಮಾತ್ರೆ ಬೇಡವೆಂದಮೇಲೆ ಇನ್ನೇನು? ಮಾಹಿತಿ ಬೇಕು. ಮಾಹಿತಿ ಬೇಕೆಂದರೆ ನನ್ನ ಭಾವಮೈದುನನಿದ್ದಾನೆ.

ಅವನು ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲೆಲ್ಲ ಅವನಿಗೆ ವಿಶ್ವಕೋಶ ಎಂದೇ ಹೆಸರು. ಅವನ ಜ್ಞಾನವೂ ಲಿಫ್ಟಿನ ಹಾಗೆಯೇ. ಏರುತ್ತದೆ, ಇಳಿಯುತ್ತದೆ, ದಾರಿಯಲ್ಲಿ ಯಾರು ಕೈ ತೋರಿಸಿದರೂ ಹತ್ತಿಸಿಕೊಳ್ಳುತ್ತದೆ. ಫೋನಿಗೆ ಬಂದದ್ದನ್ನೆಲ್ಲ ಓದದೆಯೇ ಮುಂದಕ್ಕೆ ಕಳಿಸುವುದು ಅವನ ಸಮಾಜಸೇವೆ.

‘ಭಾವ, ನೀವು ನನಗೆ ಮೊದಲೇ ಹೇಳಬಾರದಿತ್ತಾ?’ ಎಂದು ಬೇಜಾರು ಮಾಡಿಕೊಂಡ. ‘ನನ್ನ ಹತ್ರ ಯೂರಿಕ್ ಆಸಿಡ್ಡಿಗೇ ಅಂತ ನಲವತ್ತು ಮೆಸೇಜ್ ಇದೆ. ಮೂತ್ರದ ಕಲ್ಲಿಗೆ ಬೇಕಿದ್ರೆ ಅರವತ್ತಿದೆ.’

‘ಸದ್ಯಕ್ಕೆ ನಲವತ್ತು ಸಾಕಪ್ಪಾ.’

ಬಂದವು. ಒಂದರಲ್ಲಿ ಟೊಮ್ಯಾಟೊ ವಿಷ ಎಂದಿತ್ತು. ಇನ್ನೊಂದರಲ್ಲಿ ಟೊಮ್ಯಾಟೊ ಒಂದೇ ಮದ್ದು ಎಂದಿತ್ತು. ಒಂದರಲ್ಲಿ ನಿಂಬೆಹಣ್ಣು, ಒಂದರಲ್ಲಿ ನಿಂಬೆಯನ್ನು ಕಣ್ಣಿನಿಂದಲೂ ನೋಡಬಾರದು. ಒಂದು ವಿಡಿಯೋದಲ್ಲಿ ಬಿಳಿ ಕೋಟಿನ ಗಡ್ಡಧಾರಿಯೊಬ್ಬ, ಡಾಕ್ಟರುಗಳು ನಿಮ್ಮಿಂದ ಮುಚ್ಚಿಟ್ಟ ಸತ್ಯವನ್ನು ಇದೀಗ ಹೇಳುತ್ತೇನೆ ಎಂದು ಹದಿನೆಂಟು ನಿಮಿಷ ಹೇಳಿ, ಸತ್ಯ ಬರುವ ಹೊತ್ತಿಗೆ ಒಂದು ಬಾಟಲಿ ತೋರಿಸಿದ. ಎಲ್ಲ ಪಟ್ಟಿಗಳಲ್ಲೂ ಬೇಡವೆಂದದ್ದನ್ನು ಒಂದು ಕಾಗದದ ಮೇಲೆ ಹೊಡೆದುಹಾಕುತ್ತ ಬಂದೆ. ಕೊನೆಗೆ ತಿನ್ನಲು ಉಳಿದದ್ದು ಸೌತೆಕಾಯಿ ಮತ್ತು ಆ ಕಾಗದ.

ಹೆಂಡತಿ ಸಂಜೆ ಕೆಲಸದಿಂದ ಬಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

‘ರೀ, ಇದನ್ನ ಹೇಳಿರೋರು ಯಾರು?’

‘ತಜ್ಞರು.’

‘ಹೆಸರಿಲ್ವಾ ತಜ್ಞರಿಗೆ?’

‘ದೊಡ್ಡೋರು ಹೆಸರು ಹಾಕ್ಕೊಳ್ಳಲ್ಲ ಕಣೇ.’

‘ಯಾವಾಗ ಬರ್ದಿದ್ದು? ತಾರೀಕು ಎಲ್ಲಿ? ಈ ಬಾಟಲಿ ನೀವು ಕೊಂಡ್ರೆ ಲಾಭ ಯಾರಿಗೆ?’ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ‘ಅಂಗಡೀಲಿ ಗೋಡೆ ಮೇಲೆ ಬರೆಸಿರೋದು ಬರೀ ಅಂದಕ್ಕಾ? ಒಂದು ಮೊಳ ಹುರಿ ಕೊಳ್ಳಬೇಕಾದ್ರೆ ಏಜೆಂಟನ ವಂಶಾವಳಿ ಕೇಳ್ತೀರಿ. ಸ್ವಂತ ಕಾಲಿಗೆ ಹಾಕ್ಕೊಳ್ಳೋ ಔಷಧಿ ಮಾತ್ರ ಯಾರೋ ಹೋಗೋರು ಬರೋರು ಹೇಳಿದ್ದಾದ್ರೂ ಸರಿ.’

‘ಹುರಿ ಬೇರೆ, ಕಾಲು ಬೇರೆ.’

‘ಹೌದು. ಹುರಿ ಕಿತ್ತೋದ್ರೆ ಬೇರೆ ಸಿಗುತ್ತೆ.’

ಇಂಥ ಮಾತು ಬಂದಾಗ ನರಳಬೇಕು ಅಷ್ಟೆ. ನರಳಿದೆ. ಅವಳು ಒಳಗೆ ಹೋಗಿ ಸೌತೆಕಾಯಿ ಹೆಚ್ಚಿಕೊಂಡು ಬಂದಳು.

ಮೂವತ್ತೊಂಬತ್ತು ಮೆಸೇಜುಗಳನ್ನು ಅವಳು ಹೀಗೆಯೇ ಕೆಂಪು ಶಾಯಿಯಲ್ಲಿ ಮುಗಿಸಿದಳು. ನನಗೂ ಒಂದರ ಮೇಲೂ ನಂಬಿಕೆ ಹುಟ್ಟಿರಲಿಲ್ಲ. ನಲವತ್ತನೆಯದು ಬಂತು ನೋಡಿ. ಓದುತ್ತಿದ್ದ ಹಾಗೆಯೇ ಮೈ ಜುಂ ಎಂದಿತು:

‘ಪಾದದ ಹೆಬ್ಬೆರಳಿನ ಸಂಧಿಯಲ್ಲಿ ಸಂಚಿತವಾದ ದುರ್ನೀರನ್ನು ನಿವಾರಿಸಲು, ಏಳೂವರೆ ಮಾರು ಉದ್ದದ ಒರಟು ನಾರಿನ ಹಗ್ಗವನ್ನು ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತತಕ್ಕದ್ದು. ನೈಲಾನ್ ಸರ್ವಥಾ ಸಲ್ಲದು. ಮೂರು ದಿನದಲ್ಲಿ ನಡೆಯುವಿರಿ, ಏಳು ದಿನದಲ್ಲಿ ಓಡುವಿರಿ. ಅಂತರರಾಷ್ಟ್ರೀಯ ಖ್ಯಾತಿಯ ತಜ್ಞರ ಅಭಿಪ್ರಾಯ.’

ಮೂವತ್ತು ವರ್ಷ ನಾನು ಮಾರಿದ ಹಗ್ಗ! ಕೊನೆಗೆ ನನ್ನ ಕಾಲಿಗೆ ಅದೇ ಔಷಧ! ಉಳಿದವರೆಲ್ಲ ಕಂಡಕಂಡದ್ದು ಹೇಳಿದ್ದರು. ಈತ ಯಾರೋ ವಿಷಯ ತಿಳಿದವನು. ‘ನೈಲಾನ್ ಸಲ್ಲದು’ ಎಂಬ ಒಂದು ಮಾತು ಸಾಕು, ಮನುಷ್ಯನಿಗೆ ಹಗ್ಗದ ಒಳಹೊರಗು ಗೊತ್ತಿದೆ ಎನ್ನುವುದಕ್ಕೆ. ಓದುತ್ತ ಹೋದಂತೆ ಆ ಅಪರಿಚಿತ ಮಹಾನುಭಾವನ ಮೇಲೆ ನನಗೆ ಒಂದು ಬಗೆಯ ಆತ್ಮೀಯತೆಯೇ ಬೆಳೆಯಿತು. ಎಲ್ಲೋ ಭೇಟಿಯಾದವನ ಹಾಗೆ ಅನಿಸಿತು.

ಅಂಗಡಿಯ ಅಟ್ಟದ ಮೇಲೆ ಹಳೆಯ ನಾರಿನ ಹಗ್ಗದ್ದು ಒಂದೇ ಒಂದು ತುಂಡು ಉಳಿದಿತ್ತು. ಅಂಗಡಿ ಬಾಗಿಲು ಹಾಕಲು ಹೋದ ಹೆಂಡತಿಯಿಂದ ತರಿಸಿದೆ. ಅವಳು ತಂದು ನನ್ನ ಮುಂದೆ ಧೊಪ್ಪೆಂದು ಹಾಕಿದಳು.

‘ಇದನ್ನ ಕಟ್ಕೊಳ್ಳೋದು ನನಗಂತೂ ಸರಿ ಕಾಣಲ್ಲ. ಯಾವ ಡಾಕ್ಟ್ರು ರೀ ಮಾರಿನ ಲೆಕ್ಕದಲ್ಲಿ ಔಷಧಿ ಬರೀತಾರೆ? ಅದೂ ಏಳೂವರೆ! ಎಂಟು ಯಾಕಲ್ಲ?’

‘ಅದರಲ್ಲೇ ಸೂಕ್ಷ್ಮ ಇರೋದು.’

ಅವಳು ಹಗ್ಗ ಎತ್ತಿಕೊಂಡು ಅಳೆಯತೊಡಗಿದಳು. ಅವಳ ಕೈ ನನಗಿಂತ ಉದ್ದ. ಅದಕ್ಕೇ ನಾನು ಅವಳನ್ನು ಗಿರಾಕಿಗಳ ಮುಂದೆ ಅಳೆಯಲು ಬಿಡುವುದಿಲ್ಲ. ಅಂದು ಬೇಕೆಂದೇ ನನ್ನ ಕೈಗಳನ್ನು ಹಿಡಿದು ಚಾಚಿಸಿ ಅಳೆದಳು. ಒಂದು, ಎರಡು, ಮೂರು... ಏಳು. ಕೊನೆಗೆ ಸರಿಯಾಗಿ ಎದೆಯ ನಡುವಿಗೆ ಬಂದು ನಿಂತಿತು.

‘ಕತ್ತರಿಸದೇನೇ ಏಳೂವರೆ ಇದೆ. ವಿಚಿತ್ರ ಅಲ್ವಾ?’ ಎಂದು ನನ್ನ ಮುಖವನ್ನು ಕರಡಿನ ಪುಟ ನೋಡಿದ ಹಾಗೆ ನೋಡಿದಳು.

‘ಯೋಗ ಕಣೇ, ಯೋಗ!’ ಎಂದೆ.

ಸುತ್ತಿದೆ. ಹೆಬ್ಬೆರಳಿನಿಂದ ಶುರುಮಾಡಿ ಸುತ್ತಿನ ಪಕ್ಕಕ್ಕೆ ಸುತ್ತು. ಕೊನೆಗೆ ನನ್ನ ಅಂಗಡಿಗೇ ಹೆಸರು ತಂದ ಗಂಟು ಹಾಕಿದೆ. ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚುವ ಮಾತೇ ಇಲ್ಲ. ಮೊದಲ ಅರ್ಧ ಗಂಟೆ ನೋವು ಗೊತ್ತಾಗಲಿಲ್ಲ, ಏಕೆಂದರೆ ಕಾಲೇ ಗೊತ್ತಾಗುತ್ತಿರಲಿಲ್ಲ. ಗೆದ್ದೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಏಳುವಷ್ಟರಲ್ಲಿ ಕಾಲು ಊದಿ ಹಗ್ಗದ ಎಳೆಗಳ ನಡುವಿನಿಂದ ಇಣುಕುತ್ತಿತ್ತು. ಬಿಚ್ಚಲು ಹೆಂಡತಿ ಎಳೆದಳು. ಎಳೆದಷ್ಟೂ ಬಿಗಿಯಿತು. ಅಡುಗೆಮನೆಯ ಚಾಕು ತಂದಳು. ಚಾಕು ಮೊಂಡಾಯಿತು. ನಾನು ಆ ನೋವಿನಲ್ಲೂ, ‘ಮಾಲು ನೋಡು, ಮಾಲು!’ ಎಂದೆ. ಅವಳು ಆಟೋ ಕರೆಯಲು ಹೋದಳು. ಸಮುದ್ರಕ್ಕೆ ಮೂರು ದಿನ ಬಾಕಿ ಇತ್ತು. ಹೋಗುವಾಗ ಬಾಗಿಲ ಬಳಿ ಇಟ್ಟಿದ್ದ ಹೊಸ ಚಪ್ಪಲಿಗಳನ್ನು ಕಾಲಿನಿಂದ ಬದಿಗೆ ಸರಿಸಿದಳು. ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಕಾಲನ್ನು ನೋಡಿ ಒಂದು ಮಗು ಅತ್ತಿತು. ಒಳಗೆ ಹೋದರೆ ಡಾಕ್ಟರಮ್ಮ ಎದ್ದೇ ನಿಂತರು.

‘ಇದೇನಿದು?’

‘ಚಿಕಿತ್ಸೆ,’ ಎಂದೆ ಸಣ್ಣ ದನಿಯಲ್ಲಿ.

ಪ್ಲಾಸ್ಟರ್ ಕತ್ತರಿಸುವ ದೊಡ್ಡ ಕತ್ತರಿ ತರಿಸಿ, ಎಳೆ ಎಳೆಯಾಗಿ ಕತ್ತರಿಸಿದರು. ಕತ್ತರಿಸಿ ಮುಗಿಯುವಾಗ ಅವರೂ ಬೆವರಿದ್ದರು. ಕಾಲಿನ ಬಣ್ಣ, ಬೆರಳು, ಚರ್ಮ ಎಲ್ಲ ನೋಡಿ, ‘ಇನ್ನೊಂದು ದಿನ ಬಿಟ್ಟು ಬಂದಿದ್ರೆ ನಾವು ಬೇರೆ ಮಾತು ಆಡ್ತಿದ್ವಿ,’ ಎಂದರು. ಆಗ ನಿಜಕ್ಕೂ ಹೆದರಿದೆ.

‘ಮಾತ್ರೆ ದಿನಾ ತಗೋತಿದ್ದೀರಾ?’

‘ದಿನಾ,’ ಎಂದೆ.

ಹೆಂಡತಿ ಕೈಚೀಲ ತೆರೆದು, ಒಂದು ಕಾಗದದ ಪೊಟ್ಟಣ ತೆಗೆದು, ಮೇಜಿನ ಮೇಲೆ ಮೆಲ್ಲನೆ ಸುರಿದಳು. ಒಂಬತ್ತು ಮಾತ್ರೆಗಳು. ಮೇಲಿನ ಬಣ್ಣ ಅರ್ಧರ್ಧ ಕರಗಿದವು.

‘ನಿನ್ನೆ ಸಂಜೆ ಒಬ್ಬ ಗಿರಾಕಿಗೆ ಹಗ್ಗ ಎಳೆದು ಕೊಡ್ತಿದ್ದೆ. ಸುರುಳಿ ಒಳಗಿಂದ ಉದುರಿದ್ವು. ಗಿರಾಕಿ, ಇದು ಹಗ್ಗದ ಜೊತೆ ಪುಕ್ಕಟೆನಾ ಅಂತ ಕೇಳಿದ.’

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರ ಹಿಂದಿನ ಪರದೆ, ನಾನು ಅಂದುಕೊಂಡಿದ್ದ ಹಾಗೆಯೇ, ಕೆಳಗೆ ಬಿದ್ದಿತ್ತು. ಆ ಒಂದು ವಿಷಯದಲ್ಲಾದರೂ ನನ್ನ ಮಾತು ನಿಜವಾಗಿತ್ತು, ಆದರೆ ಹೇಳುವ ಸಮಯ ಅದಲ್ಲ.

‘ಯಾಕೆ ನಿಲ್ಲಿಸಿದ್ರಿ?’

‘ಮಾತ್ರೆ ಶುರು ಮಾಡಿದ ಮೇಲೇ ನೋವು ಜಾಸ್ತಿ ಆಯ್ತಲ್ಲ ಡಾಕ್ಟ್ರೇ.’

‘ಆಗುತ್ತೆ. ಮೊದಮೊದಲು ಹಾಗೆ ಆಗಬಹುದು ಅಂತ ಹೇಳಿದ್ದೆ. ಒಳಗೆ ಕೂತಿರೋ ಹರಳು ಕರಗೋಕೆ ಶುರು ಆದಾಗ ಕೆಲವರಿಗೆ ನೋವು ಮರುಕಳಿಸುತ್ತೆ. ಬಂದ್ರೆ ಮಾತ್ರೆ ನಿಲ್ಲಿಸಬೇಡಿ, ನನಗೆ ಫೋನ್ ಮಾಡಿ, ನೋವಿಗೆ ಬೇರೆ ಕೊಡ್ತೀನಿ ಅಂತಾನೂ ಹೇಳಿದ್ದೆ. ನೀವು ತಲೆ ಆಡಿಸಿದ್ರಿ. ಹಾಳೇಲೂ ಬರೆದಿತ್ತಲ್ಲ, ಓದಲಿಲ್ವಾ?’

‘ಯಾವ ಹಾಳೆ?’ ಎಂದಳು ಹೆಂಡತಿ.

ಆ ಪ್ರಶ್ನೆಗೆ ಉತ್ತರ ಹೇಳುವುದರಿಂದ ನನ್ನನ್ನು ಪಾರುಮಾಡಲೆಂಬಂತೆ ಬಾಗಿಲು ತೆರೆಯಿತು. ಟೈಪಿಂಗ್ ಮೇಷ್ಟ್ರು ಒಳಗೆ ಇಣುಕಿದರು. ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ತರಗತಿ ನಡೆಸುತ್ತಿದ್ದವರು, ಈಗ ನಿವೃತ್ತರು, ನನ್ನ ಹಳೆಯ ಗಿರಾಕಿ. ಅವರ ರಿಪೋರ್ಟು ಮೇಜಿನ ಮೇಲೆ ಉಳಿದುಹೋಗಿತ್ತಂತೆ. ರಿಪೋರ್ಟಿಗೆ ಕೈ ಚಾಚಿದವರು ನೆಲದ ಮೇಲೆ ಬಿದ್ದಿದ್ದ ಹಗ್ಗದ ಚೂರುಗಳನ್ನು ನೋಡಿದರು, ನನ್ನ ಕಾಲು ನೋಡಿದರು, ಮುಖ ಅರಳಿತು.

‘ಓಹೋ! ಏಳೂವರೆ ಮಾರಾ? ನಿಮಗೆ ನೀವೇ ಕಟ್ಕೊಂಡ್ರಾ?’

‘ಅಂದ್ರೆ?’ ಎಂದೆ.

‘ಅಯ್ಯೋ, ಮರೆತ್ರಾ? ಎರಡು ವರ್ಷದ ಹಿಂದೆ ಮಂಡಿ ನೋವಂತ ಕುಂಟ್ಕೊಂಡು ಬಟ್ಟೆ ಒಣಹಾಕೋಕೆ ಹಗ್ಗ ಕೇಳಿದೆ. ನೈಲಾನು ಬೇಡ ಮೇಷ್ಟ್ರೇ, ಈ ನಾರಿಂದು ತಗೊಳ್ಳಿ, ಬಟ್ಟೆನೂ ಒಣಗುತ್ತೆ, ಸಂಜೆ ಕಾಲಿಗೆ ಸುತ್ಕೊಂಡ್ರೆ ಕೆಟ್ಟ ನೀರೂ ಇಳಿಯುತ್ತೆ ಅಂದ್ರಿ. ನಾಲ್ಕು ಮಾರು ಸಾಕು ಅಂದ್ರೆ, ಇಲ್ಲಾ ಏಳೂವರೇನೇ ಆಗಬೇಕು, ಅದರಲ್ಲೇ ಸೂಕ್ಷ್ಮ ಇರೋದು ಅಂದ್ರಿ!’

ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಭುಜ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಎರಡೂ ಇದ್ದಿರಬಹುದು.

‘ನಾಲ್ಕು ಜನಕ್ಕೆ ಉಪಕಾರ ಆಗಲಿ ಅಂತ ನಾನೇ ಚೆನ್ನಾಗಿ ಟೈಪ್ ಮಾಡಿ ವಾಕಿಂಗ್ ಗೆಳೆಯರಿಗೆ ಕಳಿಸ್ದೆ,’ ಎಂದು ಮೇಷ್ಟ್ರು ಮುಂದುವರಿಸಿದರು. ‘ನಿಮ್ಮ ಹೆಸರು ಬಿಟ್ಟಿರಲಿಲ್ಲ, “ಹಗ್ಗದ ಅಂಗಡಿಯವರ ಅಭಿಪ್ರಾಯ” ಅಂತಾನೇ ಹಾಕಿದ್ದೆ. ಮುಂದೆ ಯಾರೋ “ಹಗ್ಗದ ತಜ್ಞರು” ಅಂತ ಮಾಡಿದ್ರು. ಆಮೇಲೆ “ಹಗ್ಗದ” ಬಿದ್ದುಹೋಯ್ತು. “ತಜ್ಞರು” ಉಳ್ಕೊಂಡ್ರು. ಅಂತರರಾಷ್ಟ್ರೀಯ ಯಾವಾಗ ಸೇರ್ಕೊಂಡ್ತೋ ಗೊತ್ತಿಲ್ಲ.’

‘ಲೋಪಸಂಧಿ, ಆಮೇಲೆ ಆಗಮಸಂಧಿ,’ ಎಂದಳು ಹೆಂಡತಿ ಕಿಟಕಿಯ ಕಡೆ ನೋಡುತ್ತಲೇ.

‘ನಿಮಗೆ ಅದರಿಂದ ಗುಣ ಆಯ್ತಾ?’ ಎಂದು ಡಾಕ್ಟರಮ್ಮ ಮೇಷ್ಟ್ರನ್ನು ಕೇಳಿದರು.

‘ನನಗಾ? ನಾನು ಕಟ್ಕೊಳ್ಳಲೇ ಇಲ್ಲ! ಬಹಳ ಚುಚ್ಚುತ್ತೆ ಆ ಹಗ್ಗ. ಬಟ್ಟೆಗೂ ಆಗಲಿಲ್ಲ.’

ಗಟ್ಟಿಯಾಗಿ ಹೇಳುವ ಹಾಗಿಲ್ಲ, ಆದರೆ ಇಲ್ಲಿ ಹೇಳಿಬಿಡುತ್ತೇನೆ. ನನ್ನ ಮೊದಲ ಯೋಚನೆ ನಾಚಿಕೆಯದ್ದಲ್ಲ. ಎಂಥಾ ಮಾತು ಕಟ್ಟಿದ್ದೆನಪ್ಪಾ, ನನ್ನನ್ನೇ ಬೀಳಿಸಿತಲ್ಲ, ಎನ್ನುವುದು. ನಾಚಿಕೆ ಅದರ ಹಿಂದಿನ ಆಟೋದಲ್ಲಿ ಬಂತು.

ಮನೆಗೆ ಬಂದೊಡನೆ ಹೆಂಡತಿ ಹಾಳೆ ಹುಡುಕಿದಳು. ಕಪಾಟು, ಚೀಲ, ದಿಂಬಿನಡಿ. ನಾನು ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂತು ಅವಳ ಹುಡುಕಾಟ ನೋಡುತ್ತಿದ್ದೆ. ಎಲ್ಲಿದೆ ಎಂದು ಹೇಳುವ ಧೈರ್ಯವಾಗಲಿಲ್ಲ. ಕೊನೆಗೆ ಅವಳೇ ನನ್ನ ಮುಂದೆ ಬಂದು ನಿಂತು, ನನ್ನ ಕಣ್ಣು ಎಲ್ಲಿಗೆ ಹೋಗದೆ ತಪ್ಪಿಸಿಕೊಳ್ಳುತ್ತಿದೆಯೆಂದು ನೋಡಿ, ಬಗ್ಗಿ, ಸ್ಟೂಲಿನ ಗಿಡ್ಡ ಕಾಲಿನ ಕೆಳಗಿಂದ ಎಳೆದಳು. ಸ್ಟೂಲು ವಾಲಿತು. ನಾನು ಕೂಗಿದೆ. ಮೇಲಿನ ಮನೆಯವರು ಈ ಸಲ ಹುಡುಕಲಿಲ್ಲವಂತೆ.

ಅವಳು ಹಾಳೆ ಬಿಡಿಸಿ ಜೋರಾಗಿ ಓದಿದಳು. ‘ಮೊದಲ ಕೆಲವು ತಿಂಗಳಲ್ಲಿ ನೋವು ಮರುಕಳಿಸಬಹುದು. ಮಾತ್ರೆ ನಿಲ್ಲಿಸಬೇಡಿ. ವೈದ್ಯರನ್ನು ಕಾಣಿ.’ ಆಮೇಲೆ ಅಡಿಯಲ್ಲಿದ್ದ ಸಣ್ಣ ಅಕ್ಷರಗಳಿಗೆ ಬಂದಳು. ‘ಬರೆದವರ ಹೆಸರಿದೆ. ತಿದ್ದಿದವರ ಹೆಸರೂ ಇದೆ. ತಾರೀಕಿದೆ. ಮತ್ತೆ ಯಾವಾಗ ತಿದ್ದುತ್ತಾರೆ ಅಂತಾನೂ ಇದೆ. ಯಾವ ಔಷಧಿ ಕಂಪನಿಯಿಂದಲೂ ಹಣ ತಗೊಂಡಿಲ್ಲ ಅಂತ ಬೇರೆ ಬರೆದಿದ್ದಾರೆ. ನಿಮ್ಮ ಬೋರ್ಡಿನ ಮೂರಕ್ಕೂ ಉತ್ತರ ಇತ್ತು ರೀ. ಮೂರು ವಾರ ಅದರ ಮೇಲೇ ಕಾಲಿಟ್ಕೊಂಡು ಕೂತಿದ್ರಿ.’

ಹಾಳೆಯ ಮೇಲೆ ಇನ್ನೊಮ್ಮೆ ಬೆರಳಾಡಿಸಿ, ‘ಅಚ್ಚಿನ ತಪ್ಪು ಒಂದೇ ಒಂದಿದೆ,’ ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನನಗಂತೂ ಯಾವತ್ತೂ ಸಿಕ್ಕಿಲ್ಲ.

‘ಟಿಕೆಟ್ ಮುಂದಕ್ಕೆ ಹಾಕಿಸೋಣ,’ ಎಂದೆ. ‘ಬರೋ ವರ್ಷ...’

ನಾಲಿಗೆ ಕಚ್ಚಿಕೊಂಡೆ. ಅವಳು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದಳು. ತಿರುಗದೆಯೇ ಹೇಳಿದಳು, ‘ನಾನು ಹೋಗ್ತಿದ್ದೀನಿ. ಇನ್ನೊಂದು ಟಿಕೆಟ್‌ನಲ್ಲಿ ತಮ್ಮನ್ನ ಕರ್ಕೊಂಡು ಹೋಗ್ತೀನಿ.’

‘ವಿಶ್ವಕೋಶನ್ನಾ? ಈ ಮೆಸೇಜ್ ಕಳಿಸಿದ್ದೇ ಅವನು!’

‘ಅದಕ್ಕೇ. ಅವನನ್ನ ಒಂದು ವಾರ ನಿಮ್ಮಿಂದ ದೂರ ಇಡೋದೂ ಚಿಕಿತ್ಸೇನೇ.’

ಹೊರಡುವ ದಿನ ವಿಶ್ವಕೋಶ ಬಂದ. ನನ್ನ ಹೊಸ ಚಪ್ಪಲಿ ಅವನಿಗೆ ಅಳತೆ ಮಾಡಿಸಿದ ಹಾಗೆ ಸರಿಹೋಯಿತು. ‘ಭಾವ, ಅಲ್ಲಿಂದ ಒಂದು ಬಾಟಲಿ ಉಪ್ಪು ನೀರು ತರ್ತೀನಿ, ಸಂಧಿಗೆ ಒಳ್ಳೇದಂತೆ,’ ಎಂದ. ಅವನ ಅಕ್ಕ ಅವನ ಕೈಯಿಂದ ಫೋನು ಕಸಿದು ತನ್ನ ಚೀಲಕ್ಕೆ ಹಾಕಿಕೊಂಡಳು.

ಈಗ ನಾಲ್ಕು ದಿನವಾಯಿತು. ನಾನು ಅಂಗಡಿಯಲ್ಲಿ, ಕಾಲು ಮನೆಯಿಂದ ತರಿಸಿದ ಸ್ಟೂಲಿನ ಮೇಲೆ. ಗಿಡ್ಡ ಕಾಲಿನ ಕೆಳಗೆ ಹಗ್ಗದ ಒಂದು ಚೂರು ಇಟ್ಟಿದ್ದೇನೆ, ಅದಕ್ಕಾದರೂ ಆಯಿತು. ಊತ ಇಳಿಯುತ್ತಿದೆ. ಮಾತ್ರೆ ದಿನಾ ಎಂಟು ಗಂಟೆಗೆ. ಏಕೆಂದರೆ ಎಂಟೂ ಐದಕ್ಕೆ ಫೋನ್ ಬರುತ್ತದೆ, ‘ಬಾಯಿ ತೆರೆದು ತೋರಿಸಿ’ ಎಂದು. ತೋರಿಸುತ್ತೇನೆ. ಆಮೇಲೆ ಅವಳು ಫೋನನ್ನು ಆ ಕಡೆ ತಿರುಗಿಸುತ್ತಾಳೆ. ಬರೀ ನೀರು. ನಿನ್ನೆ, ‘ಕೊನೆ ಎಲ್ಲಿ ಅಂತ ಕಾಣೋದೇ ಇಲ್ಲ ರೀ, ಎಷ್ಟು ಮಾರು ಇರಬಹುದು?’ ಎಂದು ಕೇಳಿದಳು. ನಾನು ಹೇಳಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಹೇಳುವುದನ್ನು ಬಿಟ್ಟಿದ್ದೇನೆ. ಹೋಗುವ ಮೊದಲು ಅವಳೇ ಬರೆದು ನನ್ನ ಬೋರ್ಡಿನ ಕೆಳಗೆ ಅಂಟಿಸಿದ ಕಾಗದವೂ ಅದನ್ನೇ ಹೇಳುತ್ತದೆ: ‘ಇಲ್ಲಿ ಹಗ್ಗ ಮಾತ್ರ ಸಿಗುತ್ತದೆ.’

ಇಂದು ಬೆಳಗ್ಗೆ ಒಬ್ಬರು ಕುಂಟುತ್ತ ಮೆಟ್ಟಿಲು ಹತ್ತಿದರು. ಏದುಸಿರು ಬಿಡುತ್ತ ಫೋನು ತೆಗೆದು ನನ್ನ ಮುಂದೆ ಹಿಡಿದರು.

‘ಏಳೂವರೆ ಮಾರು ನಾರಿನ ಹಗ್ಗ ಕೊಡಿ. ನೈಲಾನ್ ಬೇಡ.’

ಕುರ್ಚಿ ತೋರಿಸಿದೆ. ಕೂರಿಸಿ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿಯನ್ನು ನಾನಾಗಿಯೇ ವಾಪಸು ಕಳಿಸಲು ಹೊರಟೆ. ‘ಸ್ವಾಮೀ, ಹಗ್ಗ ಕಟ್ಟಬೇಡಿ. ಇದೆಲ್ಲ ಬರೀ ಸುಳ್ಳು. ಒಬ್ಬ ಒಳ್ಳೆ ಡಾಕ್ಟರ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹಾಳೆ ಕೊಟ್ರೆ ದಯವಿಟ್ಟು ಓದಿ,’ ಎಂದು ನನ್ನ ಕಾಲನ್ನೇ ಎತ್ತಿ ತೋರಿಸಿದೆ.

ಅವರು ನನ್ನ ಕಾಲು ನೋಡಿದರು. ಬೋರ್ಡು ನೋಡಿದರು. ಅದರ ಕೆಳಗಿನ ಕಾಗದ ನೋಡಿದರು. ಮುಖ ಸಿಂಡರಿಸಿಕೊಂಡು ಎದ್ದರು.

‘ಏನ್ರೀ ಇದು? ನೀವು ಹಗ್ಗ ಮಾರೋರು. ಕಾಯಿಲೆ ವಿಷಯ ನಿಮಗೇನು ಗೊತ್ತು? ಇದನ್ನ ಹೇಳಿರೋರು ತಜ್ಞರು!’

ಬಾಗಿಲವರೆಗೆ ಕುಂಟಿಕೊಂಡು ಹೋದವರು, ಅಲ್ಲಿಂದಲೇ ತಿರುಗಿ ಇನ್ನೊಂದು ಮಾತು ಸೇರಿಸಿದರು.

‘ಹಿಂದಿನ ಬೀದೀಲಿ ಸಿಗುತ್ತಂತೆ. ಅವರ ಕೈಯೂ ಉದ್ದವಂತೆ, ಮಾರು ಸರಿಯಾಗಿ ಬೀಳುತ್ತೆ.’